ಫೋಟೊ ಸಾಕು, ಇನ್ನು ಪ್ರಶ್ನೆ ಕಳುಹಿಸಲು ಹೇಳಿ: ವಿಜಯಪುರ ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಮೂರನೆಯ ಶನಿವಾರ ನಮ್ಮ ಶಾಲೆಗಳಲ್ಲಿ ಬ್ಯಾಗ್ ಇಲ್ಲದ ದಿನ, ಇಲಾಖೆ ಇಟ್ಟ ಹೆಸರಿನಂತೆ ‘ಸಂಭ್ರಮ ಶನಿವಾರ’. ಆ ಒಂದು ದಿನದ ಮಟ್ಟಿಗೆ ಜಿಲ್ಲೆಯ ಯಾವ ಶಾಲೆಯಿಂದಲೂ ಫೋಟೊ ಕೇಳಬೇಡಿ. ಬದಲಿಗೆ, ಅಂದು ಮಕ್ಕಳು ಕೇಳಿದ ಒಂದು ಪ್ರಶ್ನೆಯನ್ನೂ ಅದರ ಉತ್ತರ ಹುಡುಕಲು ಅವರು ಏನು ಮಾಡಿದರು ಎಂಬುದನ್ನೂ ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸಲು ಹೇಳಿ. ಇದಕ್ಕೆ ಅನುದಾನ ಬೇಡ, ಟೆಂಡರ್ ಬೇಡ, ಹೊಸ ಆ್ಯಪ್ ಅಂತೂ ಬೇಡವೇ ಬೇಡ. ಇಷ್ಟು ಸಣ್ಣ ಮಾತಿಗೆ ಇಷ್ಟುದ್ದದ ಪತ್ರ ಏಕೆ ಎಂದರೆ, ಈ ಸಣ್ಣ ಮಾತಿನ ಹಿಂದೆ ನಮ್ಮ ಮಕ್ಕಳ ಓದಿನ ಬಹುಪಾಲು ಸಂಕಟ ಅಡಗಿದೆ ಎಂದು ನನಗೆ ಅನಿಸಿದೆ.

ನಾನು ತಿಕೋಟಾ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರ್ತಿ. ವಿಜಯಪುರದಲ್ಲಿ ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಬಂದವಳು. ತೋಟದ ಜೊತೆಗೆ ನಮ್ಮದೊಂದು ಒಣದ್ರಾಕ್ಷಿ ಶೆಡ್ ಇದೆ. ಮಗಳು ಒಂಬತ್ತನೆಯ ತರಗತಿ, ಮಗ ಆರನೆಯದು. ಇಬ್ಬರೂ ಸರ್ಕಾರಿ ಶಾಲೆಯಲ್ಲೇ ಓದುತ್ತಾರೆ. ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾನೂ ಒಬ್ಬ ಸದಸ್ಯೆ. ಇಂಗ್ಲಿಷ್ ಮಾಧ್ಯಮದ ಹಳದಿ ಬಸ್ಸು ದಿನಾ ನಮ್ಮ ಮನೆ ಮುಂದೆಯೇ ಹಾದುಹೋಗುತ್ತದೆ. ಹತ್ತಿಸಲು ಹಣವಿಲ್ಲದೆ ಬಿಟ್ಟದ್ದಲ್ಲ, ಬೇಡವೆಂದು ಬಿಟ್ಟದ್ದು. ಹಾಗಾಗಿ ಇದನ್ನು ಸರ್ಕಾರಿ ಶಾಲೆಯನ್ನು ಹಳಿಯುವವರ ಪತ್ರ ಎಂದು ಪಕ್ಕಕ್ಕಿಡಬೇಡಿ.

ಡಿಜಿಟಲ್ ಎಂದರೆ ನನಗೆ ಭಯವೂ ಇಲ್ಲ, ಬೆರಗೂ ಇಲ್ಲ. ಅಕ್ಟೋಬರ್ ಚಾಟನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿದ ದಿನದಿಂದ ಹಣ್ಣು ಕೈಗೆ ಬರುವವರೆಗೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಗಾಳಿಯ ತೇವಾಂಶ ನೋಡಬೇಕು, ಮೋಡದ ಮುನ್ಸೂಚನೆ ನೋಡಬೇಕು. ಎಲೆಯ ಮೇಲೆ ಎಣ್ಣೆ ಬಿದ್ದಂಥ ಚುಕ್ಕೆ ಕಂಡರೆ ಅದು ದಾವಣಿ ರೋಗವೋ ಬೇರೆಯೋ ಎಂದು ತಿಳಿಯಲು ಚಿತ್ರ ತೆಗೆದು ಬಲ್ಲವರಿಗೆ ಕಳುಹಿಸಬೇಕು. ಫೆಬ್ರವರಿ ಬಂತೆಂದರೆ ಸಾಂಗ್ಲಿ, ತಾಸಗಾಂವ್ ಮಾರುಕಟ್ಟೆಯ ದರ. ನಮ್ಮಲ್ಲಿ ಹೆಚ್ಚು ಓದದ ಮುದುಕರೂ ಫೋನನ್ನು ಹೀಗೆಯೇ ಬಳಸುತ್ತಾರೆ. ಅದು ಅವರಿಗೆ ನೋಡುವ ವಸ್ತುವಲ್ಲ, ಕೇಳುವ ವಸ್ತು. ಮನಸ್ಸಿನಲ್ಲಿ ಒಂದು ಪ್ರಶ್ನೆ ಇರುತ್ತದೆ. ಉತ್ತರ ತಪ್ಪಿದರೆ ಬೆಳೆ ಹೋಗುತ್ತದೆ.

ಇದೇ ಫೋನು ಶಾಲೆಯ ಗೇಟು ದಾಟಿದ ಮೇಲೆ ಮಾಡುವ ಕೆಲಸವೇ ಬೇರೆ. ಹಾಲು ಕುಡಿಯುವ ಫೋಟೊ, ಮೊಟ್ಟೆ ತಿನ್ನುವ ಫೋಟೊ, ಕೈ ತೊಳೆಯುವ ಫೋಟೊ, ಜಯಂತಿಯ ಫೋಟೊ, ಜಾಥಾದ ಫೋಟೊ. ಹಿಂದೆ ಬ್ಯಾನರ್ ಕಾಣಬೇಕು, ಮುಂದೆ ಮಕ್ಕಳು ಸಾಲಾಗಿ ನಿಲ್ಲಬೇಕು, ಕೆಳಗೆ ಸ್ಥಳ, ದಿನಾಂಕ, ಅಕ್ಷಾಂಶ, ರೇಖಾಂಶ ಮೂಡಬೇಕು. ಪರಿಸರ ದಿನದಂದು ನಾನೂ ಶಾಲೆಗೆ ಹೋಗಿದ್ದೆ. ಮಕ್ಕಳು ಸಸಿ ಹಿಡಿದು ನಿಂತಿದ್ದರು. ಬಿಸಿಲು ಎದುರಿಗಿದ್ದರಿಂದ ಚಿತ್ರ ಸರಿಬರಲಿಲ್ಲ. ಆ ಕಡೆ ತಿರುಗಿ ನಿಂತರು. ಒಬ್ಬ ಹುಡುಗಿ ಹೊಂಡದೊಳಗೆ ಇಣುಕಿ, “ಸರ್, ಅಡಿಯಲ್ಲಿ ಗರಸು ಮಣ್ಣು ಬಂದಿದೆ, ಬೇರು ಇಳಿಯುತ್ತದೆಯೇ?” ಎಂದು ಕೇಳಿದಳು. ಗುರುಗಳು, “ಆಮೇಲೆ ಹೇಳುತ್ತೇನಮ್ಮ, ಮೊದಲು ಇತ್ತ ನೋಡು” ಎಂದರು. ಬಳಿಕ ನೆಟ್‌ವರ್ಕ್ ಹುಡುಕುತ್ತ ಮಾಳಿಗೆಯ ಮೇಲೆ ಹೋದವರು ಮುಂದಿನ ಪಿರಿಯಡ್ ಮುಗಿಯುವ ಹೊತ್ತಿಗೆ ಇಳಿದುಬಂದರು.

ಅವರು ಒಳ್ಳೆಯ ಶಿಕ್ಷಕರು. ಆ ಹುಡುಗಿಯ ಪ್ರಶ್ನೆ ಎಷ್ಟು ಚೆಂದದ್ದು ಎಂದು ಅವರಿಗೂ ಗೊತ್ತಿತ್ತು. ಆದರೆ ಸಂಜೆಯೊಳಗೆ ಫೋಟೊ ಹೋಗದಿದ್ದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಬಾಕಿ ಉಳಿದ ಶಾಲೆಗಳು’ ಎಂಬ ಪಟ್ಟಿ ಬರುತ್ತದೆ. ಪ್ರಶ್ನೆ ಬಾಕಿ ಉಳಿದರೆ ಅಂಥ ಪಟ್ಟಿ ಎಲ್ಲಿಯೂ ಬರುವುದಿಲ್ಲ.

ಯಾರೋ ಒಬ್ಬ ಅಧಿಕಾರಿಯ ದೋಷ ಎಂದು ನಾನು ಹೇಳುತ್ತಿಲ್ಲ. ಕೆಳಗಿನವರು ಮಾಡಿದರೋ ಇಲ್ಲವೋ ಎಂಬ ಅನುಮಾನ ಮೇಲಿನವರಿಗೆ, ಅವರ ಮೇಲಿನವರಿಗೆ ಅವರ ಮೇಲೆ ಅನುಮಾನ. ಆ ಅನುಮಾನಕ್ಕೆ ಕ್ಯಾಮೆರಾ ಅಗ್ಗದ ಮದ್ದಾಗಿ ಸಿಕ್ಕಿದೆ. ಮುಖ ನೋಡಿ ಹಾಜರಾತಿ ಹಾಕುವ ವ್ಯವಸ್ಥೆಯೂ 2025–26ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾಗಿದೆ. ಹೀಗೆ ಶಾಲೆಗೆ ಬಂದ ಡಿಜಿಟಲ್‌ನ ಕಣ್ಣು ಸದಾ ಒಳಮುಖ: ಮಕ್ಕಳನ್ನು ನೋಡುತ್ತದೆ, ಶಿಕ್ಷಕರನ್ನು ಎಣಿಸುತ್ತದೆ. ಮಕ್ಕಳು ಅದರ ಮೂಲಕ ಹೊರಗಿನ ಲೋಕವನ್ನು ನೋಡುವ ಸರದಿ ಬಂದೇ ಇಲ್ಲ. (ನಮ್ಮ ಮಕ್ಕಳ ಇಷ್ಟೊಂದು ಚಿತ್ರಗಳು ಯಾವ ಯಾವ ಗುಂಪಿನಲ್ಲಿ, ಯಾರ ಯಾರ ಫೋನಿನಲ್ಲಿ ಉಳಿದಿವೆ ಎಂದು ಒಮ್ಮೆ ಮಗಳು ಕೇಳಿದಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯ ಮಾತಾಡುತ್ತದೆ. ಸರ್ಕಾರಕ್ಕೆ ಅದರಲ್ಲಿ ವಿನಾಯಿತಿಗಳೂ ಇವೆ. ಆದರೂ ಅವಳ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ನಿಮ್ಮ ಬಳಿ ಇದ್ದರೆ ತಿಳಿಸಿ.)

ಸ್ಮಾರ್ಟ್ ಕ್ಲಾಸಿನ ವಿಚಾರಕ್ಕೆ ಬರುತ್ತೇನೆ. ನಮ್ಮ ಶಾಲೆಗೂ ದಾನಿಗಳಿಂದ ಒಂದು ದೊಡ್ಡ ಪರದೆ ಬಂದಿದೆ. ಕರೆಂಟು ಇದ್ದ ದಿನ, ಧೂಳಿನ ಬಟ್ಟೆ ಸರಿಸಿ, ವಿಡಿಯೊ ಹಾಕುತ್ತಾರೆ. ಒಮ್ಮೆ ಎಸ್‌ಡಿಎಂಸಿ ಸಭೆಗೆ ಬೇಗ ಹೋದವಳು ತರಗತಿಯ ಹಿಂದೆ ಕುಳಿತೆ. ಇಸ್ರೇಲಿನ ಹನಿ ನೀರಾವರಿಯ ವಿಡಿಯೊ ನಡೆಯುತ್ತಿತ್ತು. ತಮಾಷೆ ನೋಡಿ: ಅಲ್ಲಿ ಕುಳಿತ ಮಕ್ಕಳಲ್ಲಿ ಅರ್ಧದಷ್ಟು ಜನ ಡ್ರಿಪ್ ಪೈಪುಗಳ ನಡುವೆಯೇ ನಡೆಯಲು ಕಲಿತವರು. ಬೋರ್‌ವೆಲ್ ಬತ್ತಿದ ವರ್ಷ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡವರ ಮಕ್ಕಳು. ವಿಡಿಯೊ ಮಾತ್ರ ಅವರಿಗೆ ಹನಿ ನೀರಾವರಿ ಎಂದರೇನು ಎಂದು ನಿಧಾನವಾಗಿ ವಿವರಿಸುತ್ತಿತ್ತು. ನಡುವೆ ಹಿಂದಿನ ಸಾಲಿನ ಒಬ್ಬ ಹುಡುಗ ಕೈ ಎತ್ತಿ, “ಸರ್, ಅವರ ಡ್ರಿಪ್ಪಿನ ತೂತಿಗೆ ಉಪ್ಪು ಕಟ್ಟುವುದಿಲ್ಲವೇ?” ಎಂದ. ವಿಡಿಯೊ ನಿಲ್ಲಲಿಲ್ಲ. ಅದು ಮುಗಿದ ಮೇಲೆ ಪರದೆಯೇ ಐದು ಪ್ರಶ್ನೆ ಕೇಳಿತು, ನಾಲ್ಕು ಆಯ್ಕೆ ಕೊಟ್ಟಿತು. ಮಕ್ಕಳು ಒಟ್ಟಾಗಿ ‘ಬಿ’ ಎಂದು ಕೂಗಿದರು.

ಆ ಹುಡುಗನ ಪ್ರಶ್ನೆಯನ್ನು ನಾನು ಮನೆಗೆ ತಂದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಕರಗಿದ ಸುಣ್ಣದ ಅಂಶ ನೀರು ಆವಿಯಾಗುತ್ತ ಹೋದಂತೆ ತೂತಿನ ಬಾಯಿಯಲ್ಲಿ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಬಿಡಿಸಲು ನಾವು ಪೈಪಿನಲ್ಲಿ ಆಮ್ಲ ಹರಿಸುತ್ತೇವೆ. ಕಾರ್ಬೋನೇಟಿನ ಮೇಲೆ ಆಮ್ಲ ಬಿದ್ದರೆ ನೊರೆಯುಕ್ಕಿ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಇದು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಪಾಠ. ಅಂದರೆ ಆ ಹುಡುಗ ಮುಂದೆ ಓದಬೇಕಾದ ಪಾಠದ ಬಾಗಿಲನ್ನು ತಾನಾಗಿಯೇ ತಟ್ಟಿದ್ದ. ಯಾರೂ ತೆಗೆಯಲಿಲ್ಲ. ಕಟ್ಟಿಕೊಂಡ ಒಂದು ಡ್ರಿಪ್ ಪೈಪಿನ ತುಂಡು, ನಿಂಬೆರಸ, ಒಂದು ಗಾಜಿನ ಬಟ್ಟಲು ಇದ್ದಿದ್ದರೆ ಸಾಕಿತ್ತು. ಪಕ್ಕದ ಇಂಡಿ ತಾಲ್ಲೂಕಿನ ಲಿಂಬೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕು ಎರಡು ವರ್ಷ ದಾಟಿದೆ. ನಮಗೆ ಲಿಂಬೆಹಣ್ಣಿಗೇನೂ ಬರವಿಲ್ಲ.

ಹೀಗೆ ಹೇಳುವುದು ಸುಲಭ, ಮಾಡಿ ತೋರಿಸಿ ಎನ್ನಬಹುದು. ಕಳೆದ ಹಂಗಾಮಿನಲ್ಲಿ ಗಣಿತದ ಗುರುಗಳನ್ನು ಒಪ್ಪಿಸಿ, ಒಂದು ಶನಿವಾರ ಒಂಬತ್ತನೆಯ ತರಗತಿಯ ಮಕ್ಕಳನ್ನು ನಮ್ಮ ಶೆಡ್‌ಗೆ ಕರೆಸಿಕೊಂಡೆವು. ಹಣ್ಣನ್ನು ದ್ರಾವಣದಲ್ಲಿ ಅದ್ದಿ ಬಲೆಯ ಮೇಲೆ ಹರವುವ ಕೆಲಸ ನಡೆದಿತ್ತು. ಮಕ್ಕಳ ಕೈಗೆ ರಿಫ್ರ್ಯಾಕ್ಟೋಮೀಟರ್ ಕೊಟ್ಟೆ. ಒಂದು ಹನಿ ರಸ ಹಾಕಿ, ಬೆಳಕಿಗೆ ಹಿಡಿದು ನೋಡಿದರೆ ಹಣ್ಣಿನ ಸಿಹಿ ಎಷ್ಟೆಂದು ಗೆರೆ ತೋರಿಸುತ್ತದೆ. 22 ಬ್ರಿಕ್ಸ್ ಬಂತು. ಅಂದರೆ ರಸದ 100 ಭಾಗದಲ್ಲಿ ಹೆಚ್ಚು ಕಡಿಮೆ 22 ಭಾಗ ಸಕ್ಕರೆ ಮತ್ತಿತರ ಕರಗಿದ ಅಂಶ, ಉಳಿದದ್ದು ನೀರು. ಒಣಗಿ ಮಣೂಕ, ಅಂದರೆ ಒಣದ್ರಾಕ್ಷಿ, ಆದಾಗ ಅದರಲ್ಲಿ ಶೇ 15ರಷ್ಟು ನೀರು ಉಳಿದಿರಬೇಕು. ಹಾಗಾದರೆ 100 ಕಿಲೊ ಹಣ್ಣಿಗೆ ಎಷ್ಟು ಕಿಲೊ ಮಣೂಕ?

ಎಲ್ಲರೂ ಒಂದೇ ಉಸಿರಿಗೆ 37 ಎಂದರು. 78 ಇದ್ದ ನೀರು 15ಕ್ಕೆ ಇಳಿಯಬೇಕು, 63 ಹೋಯಿತು, ಉಳಿದದ್ದು 37. ಶೇಕಡಾವಾರು ಲೆಕ್ಕದಲ್ಲಿ ಪೂರ್ಣ ಅಂಕ ಪಡೆದವರೂ ಅದನ್ನೇ ಹೇಳಿದರು. ತೂಕದ ಯಂತ್ರದ ಬಳಿ ನಿಂತಿದ್ದ ನಮ್ಮ ಶೆಡ್‌ನ ಹೆಣ್ಣುಮಗಳು, ಶಾಲೆಯ ಮೆಟ್ಟಿಲು ಹತ್ತದವಳು, “ಅಷ್ಟು ಬಂದಿದ್ದರೆ ನಮ್ಮ ಮಾಲೀಕರು ಸಾಲವನ್ನೇ ಮಾಡುತ್ತಿರಲಿಲ್ಲ” ಎಂದು ನಕ್ಕಳು. ಆಗ ಮಕ್ಕಳಿಗೆ ಇರಿಸುಮುರಿಸಾಯಿತು. ನೆಲದ ಮೇಲೆ ಇದ್ದಿಲಲ್ಲಿ ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಒಬ್ಬಳು ಕೇಳಿದಳು: “ಈ ಶೇ 15 ಎನ್ನುವುದು ಯಾವುದರ ಶೇ 15? ಹಸಿ ಹಣ್ಣಿನದೋ ಒಣಗಿದ ಹಣ್ಣಿನದೋ?” ಅಲ್ಲಿಗೆ ಗಂಟು ಬಿಚ್ಚಿತು. ನೀರು ಹೋದರೂ 22 ಕಿಲೊ ಸಾರ ಎಲ್ಲಿಗೂ ಹೋಗುವುದಿಲ್ಲ. ಒಣಗಿದ ಮೇಲೆ ಆ 22 ಕಿಲೊ ಎನ್ನುವುದು ಒಟ್ಟು ತೂಕದ ಶೇ 85. ಹಾಗಾದರೆ ಒಟ್ಟು ತೂಕ 26 ಕಿಲೊದ ಆಸುಪಾಸು. ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಮಣೂಕ ಎಂದು ನಮ್ಮ ಹಿರಿಯರು ಬಾಯಿಮಾತಿನಲ್ಲಿ ಹೇಳುವ ಲೆಕ್ಕ ಅವರ ಕಣ್ಣೆದುರೇ ಹುಟ್ಟಿಬಂತು. ಒಬ್ಬ ಹುಡುಗ ಮುಂದುವರಿದು, ಅವಸರಪಟ್ಟು 18 ಬ್ರಿಕ್ಸ್‌ಗೇ ಕಟಾವು ಮಾಡಿದರೆ ಕ್ವಿಂಟಲ್‌ಗೆ ಸುಮಾರು 4.7 ಕಿಲೊ ನಷ್ಟ ಎಂದು ಲೆಕ್ಕ ಹಾಕಿ, ಮನೆಗೆ ಹೋಗಿ ಅಪ್ಪನೊಡನೆ ವಾದಕ್ಕೇ ನಿಂತನಂತೆ.

ಡಿಜಿಟಲ್ ಬಂದದ್ದು ಇದಾದ ಮೇಲೆ. ಒಂದು ಬಲೆಗೆ ಚೀಟಿ ಕಟ್ಟಿ ತೂಗಿಟ್ಟರು. ಶೆಡ್‌ಗೆ ಹತ್ತಿರದ ಮನೆಯ ಮಕ್ಕಳು ಆಗಾಗ ಬಂದು, ಅದೇ ಗೊಂಚಲಿನ ಚಿತ್ರವನ್ನು ಅದೇ ದೂರದಿಂದ ತೆಗೆದು, ತೂಕವನ್ನೂ ಶೆಡ್‌ನ ಉಷ್ಣಾಂಶವನ್ನೂ ನನ್ನ ಫೋನಿನ ಒಂದು ಹಾಳೆಯಲ್ಲಿ ತುಂಬಿಸಿದರು. ತೂಕದ ಗೆರೆ ಮೊದಲು ಸರ್ರನೆ ಇಳಿದು, ಬರಬರುತ್ತ ಮಂದವಾದದ್ದನ್ನು ಪರದೆಯ ಮೇಲೆ ಕಂಡರು. ಕೊನೆಯ ತೂಕ ಲೆಕ್ಕಕ್ಕಿಂತ ತುಸು ಕಡಿಮೆ ಬಂತು. ತೊಟ್ಟು, ಕಡ್ಡಿ, ಉದುರು ಎಂದು ಕಾರಣಗಳನ್ನೂ ಅವರೇ ಹುಡುಕಿದರು. ಇಷ್ಟೆಲ್ಲಕ್ಕೂ ಬೇಕಾದದ್ದು ಒಂದೇ ಫೋನು, ಅದೂ ಹಳೆಯದು.

ಆ ಶನಿವಾರದ ಫೋಟೊ ಕೂಡ ಹೋಯಿತು, ನಿಯಮ ನಿಯಮವೇ. ಶೆಡ್‌ನ ಮುಂದೆ ಮಕ್ಕಳನ್ನು ನಿಲ್ಲಿಸಿ ತೆಗೆದದ್ದು. ಗುಂಪಿನಲ್ಲಿ ಹೆಬ್ಬೆರಳಿನ ಚಿತ್ರಗಳು, ಹೂಗುಚ್ಛಗಳು ಬಂದವು. ತೂಕ ಎಷ್ಟು ಬಂತು ಎಂದು ಯಾರೂ ಕೇಳಲಿಲ್ಲ.

ಇನ್ನೊಂದು ಕಡೆ ನೋಡಿ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಈಗ ವಾಟ್ಸ್‌ಆ್ಯಪ್‌ನಲ್ಲೇ ಅಂಥ ಯಂತ್ರ ಕುಳಿತಿರುವಾಗ, ಮನೆಗೆಲಸ ಎಂಬುದು ಹೆಚ್ಚು ಕಡಿಮೆ ಸತ್ತಿದೆ. ಮಗಳ ತರಗತಿಗೆ ‘ನಮ್ಮೂರ ಜಾತ್ರೆ’ ಎಂಬ ಪ್ರಬಂಧ ಕೊಟ್ಟಿದ್ದರು. ಅವಳ ಗೆಳತಿಯ ಪ್ರಬಂಧವನ್ನು ನಾನೂ ಓದಿದೆ. ಹಸಿರು ಬೆಟ್ಟಗಳ ನಡುವೆ, ಜುಳುಜುಳು ಹರಿಯುವ ನದಿಯ ದಂಡೆಯಲ್ಲಿ, ತೆಂಗಿನ ತೋಟಗಳ ನೆರಳಲ್ಲಿ ನಮ್ಮೂರ ಜಾತ್ರೆ ನಡೆಯುತ್ತದಂತೆ! ನಮ್ಮೂರಲ್ಲಿ ಬೆಟ್ಟವಿಲ್ಲ, ನದಿಯಿಲ್ಲ. ತೆಂಗಿನಕಾಯಿ ಜಾತ್ರೆಗೇ ಹೊರಗಿನಿಂದ ಬರುತ್ತದೆ. ಕೆಳಗೆ ಕೆಂಪು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದಿತ್ತು. ಹುಡುಗಿಯನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಯಾವ ಊರಿನವರಾದರೂ ಬರೆಯಬಹುದಾದ ಪ್ರಶ್ನೆ ಕೇಳಿದರೆ ಯಾವ ಊರಿಗೂ ಸೇರದ ಉತ್ತರ ಬರುತ್ತದೆ. ಈ ಸಲದ ಜಾತ್ರೆಗೆ ಎಷ್ಟು ಅಂಗಡಿ ಬಂದವು, ಯಾವ ಯಾವ ಊರಿನವು, ಬಳೆಗಾರರು ಜಾಗದ ಬಾಡಿಗೆ ಯಾರಿಗೆ ಕೊಟ್ಟರು, ರಥದ ಹಗ್ಗ ಎಲ್ಲಿ ಹೊಸೆದದ್ದು, ಮಿಕ್ಕ ಅನ್ನ ಎಲ್ಲಿಗೆ ಹೋಯಿತು ಎಂದು ಕೇಳಿದ್ದರೆ? ಯಂತ್ರಕ್ಕೆ ಅದು ಗೊತ್ತಿಲ್ಲ. ಹುಡುಗಿ ಎದ್ದು ಹೊರಗೆ ಹೋಗಲೇಬೇಕು, ನಾಲ್ಕು ಜನರನ್ನು ಮಾತಾಡಿಸಲೇಬೇಕು. ಆಮೇಲೆ ತಾನು ತಂದ ಸಂಗತಿಗಳನ್ನು ಓರಣ ಮಾಡಲು ಬೇಕಿದ್ದರೆ ಯಂತ್ರದ ಸಹಾಯ ಪಡೆಯಲಿ, ನನ್ನ ತಕರಾರಿಲ್ಲ.

ನಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. ಸುಮಾರು ನೂರು ವರ್ಷದ ಹಿಂದೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು ಹಳ್ಳಿಯ ಗರತಿಯರು ಬೀಸುವಾಗ, ಕುಟ್ಟುವಾಗ ಹಾಡುವ ಹಾಡುಗಳನ್ನು ಕೇಳಿ ಕೇಳಿ ಬರೆದಿಟ್ಟರು. ಅದೇ ಕಾಲದಲ್ಲಿ ಇದೇ ನಗರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಹುಡುಕಿ, ಕೂಡಿಸಿ, ಅಚ್ಚು ಹಾಕಿಸಲು ಕೈಯಲ್ಲಿದ್ದುದನ್ನೆಲ್ಲ ಸುರಿದರು. ಅವರ ಬಳಿ ಇದ್ದದ್ದು ಕಾಗದ, ಶಾಯಿ, ಹಟ. ನಮ್ಮ ಮಕ್ಕಳ ಮನೆಗಳಲ್ಲಿ ಧ್ವನಿ ಮುದ್ರಿಸುವ ಯಂತ್ರವಿದೆ, ಹಾಡು ಬಲ್ಲ ಕೊನೆಯ ಅಜ್ಜಿಯರೂ ಇನ್ನೂ ಇದ್ದಾರೆ. ಇಬ್ಬರನ್ನೂ ಕೂಡಿಸುವ ಮನೆಗೆಲಸವನ್ನು ಯಾರೂ ಕೊಡುತ್ತಿಲ್ಲ.

ಗೋಳಗುಮ್ಮಟದ ಮಾತನ್ನೂ ಹೇಳಬೇಕು. ಪ್ರವಾಸ ಎಂದರೆ ನಮ್ಮ ಶಾಲೆಗಳಿಗೆ ಅದು ತಪ್ಪಿದ್ದಲ್ಲ. 1656ರಲ್ಲಿ ಪೂರ್ಣಗೊಂಡದ್ದು, ಮೊಹಮ್ಮದ್ ಆದಿಲ್ ಶಾಹ್‌ನ ಸಮಾಧಿ ಎಂದು ಬರೆದುಕೊಂಡು, ಮೇಲೆ ಹತ್ತಿ, ಕಿರುಚಿ, ಇಳಿದು ಬರುತ್ತಾರೆ. ಕಿರುಚುವುದನ್ನು ತಡೆಯಲು ಶಿಕ್ಷಕರು ಇನ್ನೂ ಜೋರಾಗಿ ಕಿರುಚುತ್ತಾರೆ. ಪಿಸುಗುಟ್ಟುವ ಮೊಗಸಾಲೆಯ ಈ ಬದಿಯಿಂದ ಎದುರು ಬದಿಗೆ ಸುಮಾರು 37 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಹೋಗಿ ಬರಲು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು. ಜನ ಕಡಿಮೆ ಇರುವ ಮುಂಜಾನೆ ಒಂದೇ ಒಂದು ಚಪ್ಪಾಳೆ ತಟ್ಟಿ, ಫೋನಿನಲ್ಲಿ ಮುದ್ರಿಸಿಕೊಂಡು, ಸದ್ದಿನ ಅಲೆಯನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ, ಮರಳಿ ಬಂದ ಸದ್ದುಗಳು ಏಣಿಯ ಮೆಟ್ಟಿಲಂತೆ ತಗ್ಗುತ್ತ ಹೋಗುವುದು ಕಾಣುತ್ತದೆ. ಏಳು ಸಲ ಕೇಳುತ್ತದೆ ಎಂಬುದು ಮಾರ್ಗದರ್ಶಕರ ಮಾತು. ಎಷ್ಟು ಸಲ ಎಂದು ಮಕ್ಕಳೇ ಎಣಿಸಲಿ, ಅಂತರ ಅಳೆದು ಗುಮ್ಮಟದ ಅಗಲ ತಾವೇ ಕಂಡುಹಿಡಿಯಲಿ. ಜಗತ್ತಿನ ಯಾವ ಜಿಲ್ಲೆಗೆ ಇಂಥ ಭೌತವಿಜ್ಞಾನದ ಪ್ರಯೋಗಾಲಯ ಪುಕ್ಕಟೆ ಸಿಕ್ಕಿದೆ ಹೇಳಿ. ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದವರ ಇಳಿಜಾರಿನ ಲೆಕ್ಕ ಇನ್ನೊಂದು ಪಾಠಕ್ಕಾಗುತ್ತದೆ. ಅದನ್ನು ಇಲ್ಲಿ ಹಿಡಿದರೆ ಪತ್ರ ಮುಗಿಯುವುದಿಲ್ಲ.

ಮೊಬೈಲ್ ಮಕ್ಕಳನ್ನು ಹಾಳು ಮಾಡುತ್ತಿದೆ, ನೀವು ಅದನ್ನೇ ಶಾಲೆಗೆ ತನ್ನಿ ಎನ್ನುತ್ತೀರಲ್ಲ ಎಂದು ನನ್ನ ಅತ್ತೆಯವರೇ ಕೇಳಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯ ಸಮೀಕ್ಷೆಯಾದ ಅಸರ್‌ನ 2024ರ ವರದಿ ಹೇಳುವುದನ್ನು ನೋಡಿ: 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಮಕ್ಕಳ ಜೇಬಿನಲ್ಲಿ ಫೋನು ಇಟ್ಟು ಶಾಲೆಗೆ ಕಳುಹಿಸಿ ಎಂದು ನಾನು ಹೇಳುವುದಿಲ್ಲ, ಬೇಡವೇ ಬೇಡ. ಆರು ಜನರ ಗುಂಪಿಗೆ ಶಾಲೆಯದೇ ಒಂದು ಸಾಧನ ಸಾಕು, ಅದೂ ಅಳೆಯುವ ಕೆಲಸ ಇರುವಾಗ ಮಾತ್ರ. ಶಿಕ್ಷಣದಲ್ಲಿ ತಂತ್ರಜ್ಞಾನದ ಬಗ್ಗೆ ಯುನೆಸ್ಕೊ 2023ರಲ್ಲಿ ಹೊರತಂದ ಜಾಗತಿಕ ವರದಿ ಕೇಳಿದ್ದೂ ಸುಮಾರಾಗಿ ಇದನ್ನೇ: ಈ ಸಾಧನ ಯಾರ ಅನುಕೂಲಕ್ಕೆ?

ಹೆಣ್ಣುಮಕ್ಕಳ ವಿಚಾರ ಬೇರೆಯೇ ಇದೆ. ಮನೆಯಲ್ಲಿ ಒಂದೇ ಫೋನಿದ್ದರೆ ಅದು ಅಣ್ಣನ ಕೈಗೆ ಹೋಗುತ್ತದೆ, ತಂಗಿಯ ಕೈಗೆ ರೊಟ್ಟಿಯ ಹಿಟ್ಟು ಬರುತ್ತದೆ. 2020ರ ಕೊರೊನಾ ವರ್ಷದಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ, ಚಂದನ ವಾಹಿನಿಗೆ ಬಂದಾಗ ಇದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರ ಮಕ್ಕಳ ದಿನದಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವೂ ಸಿಕ್ಕಿದೆ. ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಸಂಜೆ ನಮ್ಮೂರ ಕೇಂದ್ರಕ್ಕೆ ಹೋದರೆ ಕುರ್ಚಿಗಳ ಮೇಲೆ ಪೊಲೀಸ್, ಪಿಡಿಒ ಪರೀಕ್ಷೆಗೆ ಓದುವ ಹುಡುಗರು ತುಂಬಿರುತ್ತಾರೆ. ಪಾಪ, ಅವರಿಗೂ ಬೇರೆ ಜಾಗವಿಲ್ಲ. ಹೆಣ್ಣುಮಕ್ಕಳು ಬಾಗಿಲಲ್ಲಿ ಇಣುಕಿ ಹಿಂದಿರುಗುತ್ತಾರೆ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕಂಪ್ಯೂಟರ್ ಶಾಲೆಯ ಮಕ್ಕಳಿಗೆ, ವಾರದಲ್ಲಿ ಎರಡು ದಿನವಾದರೂ ಹೆಣ್ಣುಮಕ್ಕಳಿಗೇ ಎಂದು ಜಿಲ್ಲಾ ಪಂಚಾಯತಿ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಗ್ರಂಥಾಲಯ ಪಂಚಾಯತ್‌ರಾಜ್ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು ಎಂಬ ಗೋಡೆ ನಿಮಗೆ ಕಾಣುತ್ತದೆಯೇ ಹೊರತು ಆ ಹುಡುಗಿಯರಿಗಲ್ಲ.

ಪರೀಕ್ಷೆಯ ಮಾತು ಬಿಟ್ಟರೆ ನಾನು ಪೋಷಕಿಯೇ ಅಲ್ಲ. ಎಸ್‌ಎಸ್‌ಎಲ್‌ಸಿ ಮುಖ್ಯ, ನನ್ನ ಮಗಳಿಗೂ ಮುಂದಿನ ವರ್ಷ ಅದೇ ಇದೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ಪ್ರಸಾರ) ಬಂದ 2024ರಲ್ಲಿ ಅದು ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ನಕಲು ನಿಂತದ್ದು ಒಳ್ಳೆಯದೇ, ಕ್ಯಾಮೆರಾಕ್ಕೆ ಆ ಶ್ರೇಯಸ್ಸು ಸಲ್ಲಲಿ. ಆದರೆ ಹುಡುಗ ಪಕ್ಕಕ್ಕೆ ತಿರುಗಿದ್ದನ್ನು ಕ್ಯಾಮೆರಾ ತೋರಿಸೀತು, ಏಕೆ ತಿರುಗಬೇಕಾಯಿತು ಎಂಬುದನ್ನು ತೋರಿಸಲಾರದು. 37 ಎಂದು ಕೂಗಿದ ಮಕ್ಕಳಿಗೆ ಸೂತ್ರ ಬರುತ್ತಿರಲಿಲ್ಲ ಎಂದಲ್ಲ. ಆ ಸೂತ್ರ ಯಾವುದಕ್ಕೆ ಎಂದು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಮುಟ್ಟಿದ್ದು ಮರೆಯುವುದಿಲ್ಲ, ಪರೀಕ್ಷೆಯಲ್ಲಿ ಕೂಡ.

ಶಿಕ್ಷಕರಿಗೆ ಇದು ಇನ್ನೊಂದು ಹೊರೆ ಆಗುತ್ತದೆಯೇ? ಈಗಿರುವ ಹೊರೆಯ ಮೇಲೆ ಹೇರಿದರೆ ಖಂಡಿತ ಆಗುತ್ತದೆ. ಅದಕ್ಕೇ ಮೊದಲು ಫೋಟೊ ಇಳಿಸಿ ಎನ್ನುತ್ತಿದ್ದೇನೆ. ಶಿಕ್ಷಕರನ್ನು ನಂಬಿ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಕಾರ್ಡು, ಕಲಿಕೆಯ ಏಣಿ, ಹಾಡುಗಳನ್ನು ಕುಳಿತು ರೂಪಿಸಿದವರು ಸರ್ಕಾರಿ ಶಾಲೆಯ ಶಿಕ್ಷಕರೇ. ಅಂದು ಅವರ ಕೈಯಲ್ಲಿ ಒಂದು ಪರದೆಯೂ ಇರಲಿಲ್ಲ, ಬೆನ್ನ ಹಿಂದೆ ಫೋಟೊ ಕೇಳುವವರೂ ಇರಲಿಲ್ಲ.

ಫೋನು ನಿಜವಾಗಿಯೂ ಬೇಕೇ ಬೇಕು ಎನಿಸುವ ಒಂದು ಜಾಗ ಇದೆ, ಅಲ್ಲಿ ಅದನ್ನು ಯಾರೂ ಬಳಸುತ್ತಿಲ್ಲ. ಪ್ರತಿ ವರ್ಷ ಅಕ್ಟೋಬರ್ ಬಂದರೆ ನಮ್ಮ ತಾಂಡಾಗಳು ಖಾಲಿಯಾಗುತ್ತವೆ. ಕಬ್ಬು ಕಡಿಯಲು ಬಾಗಲಕೋಟೆ, ಬೆಳಗಾವಿ, ಮಹಾರಾಷ್ಟ್ರದ ಕಡೆಗೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ. ಅಜ್ಜಿಯೋ ಋತುಮಾನದ ವಸತಿ ನಿಲಯವೋ ಸಿಕ್ಕವರು ಉಳಿಯುತ್ತಾರೆ, ಉಳಿದವರು ಅಪ್ಪ ಅಮ್ಮನ ಜೊತೆ ಹೊರಟುಬಿಡುತ್ತಾರೆ. ಮಾರ್ಚ್‌ನಲ್ಲಿ ಮರಳಿದಾಗ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಸಾಲಾಗಿ ಗೈರು. ಆ ಮಗು ಕಬ್ಬಿನ ಗದ್ದೆಯ ಅಂಚಿನಲ್ಲಿ ಕುಳಿತು ಟನ್ ಲೆಕ್ಕ, ಮುಂಗಡದ ಲೆಕ್ಕ, ಬಡ್ಡಿಯ ಲೆಕ್ಕ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಗುರುಗಳು ಸಂಜೆ ಅಪ್ಪನ ಫೋನಿಗೆ ಎರಡು ನಿಮಿಷದ ಧ್ವನಿ ಸಂದೇಶ ಕಳುಹಿಸಿ, “ಇಂದು ಗಾಡಿಗೆ ಎಷ್ಟು ಟನ್ ತುಂಬಿದರು, ನಿಮ್ಮ ಪಾಲಿಗೆ ಎಷ್ಟು ಬಂತು, ಲೆಕ್ಕ ಮಾಡಿ ಹೇಳು” ಎಂದರೆ, ಮಗು ತನ್ನ ಧ್ವನಿಯಲ್ಲೇ ಉತ್ತರಿಸಬಲ್ಲದು. ಫೋಟೊಗೆ ಹೋಗುವ ಹೊತ್ತಿನಲ್ಲಿ ಅರ್ಧ ಸಾಕು ಇದಕ್ಕೆ. ಹಾಗೆ ಸಂಪರ್ಕದಲ್ಲಿ ಇರುವ ಮಗುವನ್ನು ಗೈರು ಎಂದು ಬರೆಯದೆ ಬೇರೊಂದು ಗುರುತು ಹಾಕುವ ಅನುಮತಿಯನ್ನಾದರೂ ಕೊಡಿ. ಊರಿಗೆ ಮರಳಿದಾಗ ಆ ಮಗು ಶಾಲೆಗೆ ಹೆದರುವುದಿಲ್ಲ.

ಆದೇಶದ ಕರಡನ್ನೂ ನಾನೇ ಬರೆದುಬಿಟ್ಟರೆ ಅಧಿಕಪ್ರಸಂಗವಾದೀತು, ಆದರೂ ಎರಡು ಮಾತು. ಒಂದು, ಪ್ರಶ್ನೆ ಮಕ್ಕಳದೇ ಆಗಿರಬೇಕು, ಮಗುವಿನ ಹೆಸರು ಬೇಡ, ತರಗತಿ ಮಾತ್ರ ಇರಲಿ. ಯಾವ ಶಾಲೆಯ ಪ್ರಶ್ನೆ ಮೊದಲ ಸ್ಥಾನ, ಯಾವುದು ಎರಡನೆಯದು ಎಂದು ದಯವಿಟ್ಟು ಪಟ್ಟಿ ಮಾಡಬೇಡಿ. ಮಾಡಿದ ಮರುತಿಂಗಳೇ ಪ್ರಶ್ನೆಗಳೂ ಯಂತ್ರದಿಂದ ಬರತೊಡಗುತ್ತವೆ. ಎರಡು, ಬಂದ ಪ್ರಶ್ನೆಗಳನ್ನು ನಿಮ್ಮ ಕಚೇರಿಯಲ್ಲಿ ಯಾರಾದರೂ ಕುಳಿತು ಓದಬೇಕು. ಓದಿ, ಪ್ರತಿ ತಿಂಗಳು ಹತ್ತನ್ನು ಆರಿಸಿ, ಉತ್ತರ ಬೇಡ, ಪ್ರಶ್ನೆಗಳನ್ನಷ್ಟೇ ಜಿಲ್ಲೆಯ ಎಲ್ಲ ಶಾಲೆಗಳಿಗೂ ಕಳುಹಿಸಿ. ಡ್ರಿಪ್ಪಿನ ಉಪ್ಪಿನ ಪ್ರಶ್ನೆ ಸಿಂದಗಿಯ ಮಕ್ಕಳಿಗೆ ತಲುಪಲಿ, ಆಲಮಟ್ಟಿಯ ಹಿನ್ನೀರಿನ ಅಂಚಿನ ಮಕ್ಕಳು ಅಳೆದ ನೀರಿನ ಮಟ್ಟ ನಮಗೆ ತಲುಪಲಿ. ವಾಟ್ಸ್‌ಆ್ಯಪ್ ಗುಂಪುಗಳು ಹೇಗೂ ಇವೆ.

ನಮ್ಮ ಶೆಡ್‌ನಲ್ಲಿ ಫೆಬ್ರವರಿ ಎರಡನೆಯ ವಾರದಿಂದ ಮಾರ್ಚ್ ಕೊನೆಯವರೆಗೆ ಕೆಲಸ ನಡೆಯುತ್ತದೆ. ತಿಕೋಟಾ, ಬಬಲೇಶ್ವರ ಭಾಗದ ಯಾವ ಶಾಲೆಯವರು ಬಂದರೂ ತೂಕದ ಯಂತ್ರ, ರಿಫ್ರ್ಯಾಕ್ಟೋಮೀಟರ್, ಕುಡಿಯುವ ನೀರು, ಮಜ್ಜಿಗೆ ನನ್ನ ಹೊಣೆ. ಗಂಧಕದ ಹೊಗೆ ಹಾಕುವ ದಿನ ಮಾತ್ರ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಬರುವ ಮುನ್ನ ಎಸ್‌ಡಿಎಂಸಿ ಮೂಲಕ ತಿಳಿಸಬೇಕು. ನನಗೆ ಗೊತ್ತಿರುವ ಇನ್ನಿಬ್ಬರು ಬೆಳೆಗಾರರೂ ಒಪ್ಪಿದ್ದಾರೆ. ಈ ಹಂಗಾಮಿಗೆ ಆಗಬೇಕೆಂದರೆ ನಿಮ್ಮ ಸುತ್ತೋಲೆ ಜನವರಿಯೊಳಗೆ ಶಾಲೆಗಳಿಗೆ ತಲುಪಬೇಕು. ಒಪ್ಪಿಗೆ ಇಲ್ಲದಿದ್ದರೆ ಅದನ್ನೂ ಕಾರಣ ಸಹಿತ ಬರೆದು ತಿಳಿಸಿ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳುತ್ತೇನೆ.

ಗೌರವಪೂರ್ವಕವಾಗಿ,
ತಿಕೋಟಾ ತಾಲ್ಲೂಕಿನ ಒಬ್ಬ ದ್ರಾಕ್ಷಿ ಬೆಳೆಗಾರ್ತಿ, ಎಸ್‌ಡಿಎಂಸಿ ಸದಸ್ಯೆ